ಕಡಿಮೆ ನೀರಿನ ಬೋರ್‌ವೆಲ್: ಪಂಪು ಒಣಗಿ ಓಡದಂತೆ ಸಣ್ಣ ಖರ್ಚಿನಲ್ಲಿ ನಿಗಾ ಇಡುವುದು ಹೇಗೆ?

ತೋಟದ ರೈಟರ್, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಹತ್ತು ಎಕರೆ ರೋಬಸ್ಟಾ ಕಾಫಿ ತೋಟ. ಫೆಬ್ರವರಿ ಕೊನೆಗೆ ಹೂವಿನ ನೀರು ಕೊಡುವಷ್ಟರಲ್ಲಿ ಕೆರೆ ತುಂಬಿರಬೇಕು. ತುಂಬಿಸಲು ಇರುವುದು ಮೂರು ಬೋರು, ಮೂರೂ ಸಣ್ಣ ನೀರಿನವು. ಮುಖ್ಯ ಬೋರಿನ ವಿವರ ಹೀಗಿದೆ: ಆಳ 520 ಅಡಿ, ಆರೂವರೆ ಇಂಚಿನ ಬೋರು, ಪಂಪು 460 ಅಡಿಯಲ್ಲಿ, ಜನವರಿಯಲ್ಲಿ ನಿಂತ ನೀರು 160 ಅಡಿಗೆ ಸಿಗುತ್ತದೆ. ಕೊರೆಸಿದಾಗ ವಿ-ನಾಚ್‌ನಲ್ಲಿ (ನೀರಿನ ಹರಿವು ಅಳೆಯುವ, ವಿ ಆಕಾರದಲ್ಲಿ ಕತ್ತರಿಸಿದ ತಗಡು) ಒಂದೂವರೆ ಇಂಚು ನೀರು ಅಳೆದಿದ್ದರು. 5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್, ಡಿಒಎಲ್ ಸ್ಟಾರ್ಟರ್ (ಮೋಟರನ್ನು ನೇರ ಲೈನಿಗೆ ಕೂಡಿಸುವಂಥದ್ದು), ಜೊತೆಗೆ ಕರೆಂಟ್ ಬಂದ ಕೂಡಲೇ ಓಡಿಸುವ ಆಟೋ ಸ್ಟಾರ್ಟರ್.

ಅರ್ಧ ಗಂಟೆ ನೀರು ಚೆನ್ನಾಗಿ ಬರುತ್ತದೆ, ಆಮೇಲೆ ಗಾಳಿಯೂ ನೀರೂ ಸೇರಿ ಕಕ್ಕುತ್ತದೆ. ಡ್ರೈ ರನ್ ಪ್ರಿವೆಂಟರ್ ಹಾಕಿದೆ. ಹಗಲು ಟ್ರಿಪ್ ಮಾಡುತ್ತದೆ, ರಾತ್ರಿ ವೋಲ್ಟೇಜ್ ಏರಿದಾಗ ಟ್ರಿಪ್ಪೇ ಆಗುವುದಿಲ್ಲ. ಪಂಪ್‌ಹೌಸ್ ತೋಟದ ಕೆಳಗಿನ ಅಂಚಿನಲ್ಲಿದೆ, ಆನೆ ಓಡಾಡುವ ಜಾಗ, ಕತ್ತಲಾದ ಮೇಲೆ ಯಾರನ್ನೂ ಕಳಿಸುವ ಹಾಗಿಲ್ಲ. ಅಲ್ಲಿ ಮೊಬೈಲ್ ಸಿಗ್ನಲ್ ಕೂಡ ಸರಿಯಾಗಿ ಸಿಗುವುದಿಲ್ಲ.

ಏನನ್ನು ಅಳೆದರೆ ಪಂಪಿನ ಸ್ಥಿತಿ ನಿಜವಾಗಿ ಗೊತ್ತಾಗುತ್ತದೆ? ಒಂದೊಂದು ಬೋರಿಗೆ ನಾಲ್ಕೈದು ಸಾವಿರದೊಳಗೆ ಆಗುವ ಕೆಲಸವೇ ಇದು?

ಪ್ಯಾನಲ್ ವೈರಿಂಗ್, ಗೋಣಿಕೊಪ್ಪ

ಅಣ್ಣ, ನಿಮ್ಮ ಪ್ರಿವೆಂಟರ್ ಕೆಟ್ಟಿಲ್ಲ. ಅದು ಆಂಪಿಯರ್ ಒಂದನ್ನೇ ನೋಡುತ್ತದೆ, ತೊಂದರೆ ಇರುವುದೇ ಅಲ್ಲಿ. ಸಬ್‌ಮರ್ಸಿಬಲ್ ಮೋಟರ್ ಹೊರೆಯಿಲ್ಲದೆ ಬರಿದೇ ತಿರುಗಿದರೂ ಫುಲ್ ಲೋಡ್ ಕರೆಂಟಿನ ಸುಮಾರು ಅರ್ಧ ಎಳೆಯುತ್ತದೆ. ಅದು ನೀರೆತ್ತುವ ಕರೆಂಟಲ್ಲ, ಮೋಟರಿನೊಳಗೆ ಕಾಂತಕ್ಷೇತ್ರ ಹುಟ್ಟಿಸುವುದಕ್ಕೆ ಬೇಕಾದದ್ದು. ವೋಲ್ಟೇಜ್ ಏರಿದರೆ ಇದೂ ಏರುತ್ತದೆ. ಹೊರೆ ಹೊತ್ತ ಮೋಟರಿನಲ್ಲಿ ಇದು ತಿರುಗಾಮುರುಗಾ: ವೋಲ್ಟೇಜ್ ಇಳಿದಾಗ ಕರೆಂಟು ಏರುತ್ತದೆ. ಹಾಗಾಗಿ 350 ವೋಲ್ಟಿನಲ್ಲಿ ನೀರಿರುವಾಗಲೂ ಇಲ್ಲದಿರುವಾಗಲೂ ಆಂಪಿಯರ್ ನೋಡಿದರೆ ನಡುವೆ ದೊಡ್ಡ ಅಂತರ ಕಾಣುತ್ತದೆ, 440 ವೋಲ್ಟಿನಲ್ಲಿ ಆ ಅಂತರ ಕುಗ್ಗಿಬಿಡುತ್ತದೆ. ಹಗಲು ಕೂಡಿಸಿದ ಸೆಟ್ಟಿಂಗ್ ರಾತ್ರಿ ಕೆಲಸಕ್ಕೆ ಬರುವುದಿಲ್ಲ.

ನೋಡಬೇಕಾದದ್ದು ಕಿಲೋವ್ಯಾಟ್. ನೀರೆತ್ತುವ ಕೆಲಸ ನಿಂತ ಕೂಡಲೇ ಬೀಳುವುದು ಅದೇ, ವೋಲ್ಟೇಜಿನ ಏರಿಳಿತಕ್ಕೆ ಅದು ಅಷ್ಟಾಗಿ ಅಲುಗುವುದಿಲ್ಲ.

ಇದಕ್ಕೆ ಬೇಕಾದ ಸಾಮಾನು: ಒಂದು ಇಎಸ್‌ಪಿ32 ಬೋರ್ಡು (ಪ್ರೋಗ್ರಾಮ್ ಓಡಿಸುವ ಪುಟ್ಟ ಕಂಪ್ಯೂಟರ್), ಕರೆಂಟ್ ಕಾಯಿಲ್ ಸಮೇತ ಬರುವ ಪಿಝೆಮ್-004ಟಿ ಮೀಟರ್ ಮಾಡ್ಯೂಲು, 5 ವೋಲ್ಟಿನ ಸಣ್ಣ ಪವರ್ ಸಪ್ಲೈ, ಒಂದು ರಿಲೇ, ಒಂದು ಆಕ್ಸಿಲರಿ ಕಾಂಟ್ಯಾಕ್ಟರ್, ನೀರು ಧೂಳು ನುಗ್ಗದ ಡಬ್ಬಿ. ಪಿಝೆಮ್ ಸಿಂಗಲ್ ಫೇಸಿನದು. ಮೋಟರಿನ ಒಂದು ಫೇಸಿಗೆ ಕಾಯಿಲ್ ತೊಡಿಸಿ, ಅದೇ ಫೇಸಿನಿಂದ ನ್ಯೂಟ್ರಲ್‌ಗೆ ವೋಲ್ಟೇಜ್ ಕೊಟ್ಟು, ಬಂದ ಅಂಕಿಯನ್ನು ಮೂರರಿಂದ ಗುಣಿಸಿ. ಮೂರು ಫೇಸು ಹೆಚ್ಚು ಕಡಿಮೆ ಸಮವಿದ್ದರೆ ಇಷ್ಟು ಸಾಕು. ಸಿಂಗಲ್ ಫೇಸಿಂಗ್ (ಮೂರರಲ್ಲಿ ಒಂದು ಫೇಸ್ ತಪ್ಪುವುದು) ಆಗದಂತೆ ಕಾಯುವ ಪ್ರಿವೆಂಟರ್, ಓವರ್‌ಲೋಡ್ ರಿಲೇ ಎರಡನ್ನೂ ತೆಗೆಯಬೇಡಿ. ಈ ಡಬ್ಬಿ ಅವುಗಳ ಬದಲಿಗಲ್ಲ, ಅವುಗಳ ಜೊತೆಗೆ. ಮಾಡ್ಯೂಲಿನ ಸಂವಹನದ ಕಡೆಗೆ 5 ವೋಲ್ಟ್ ಕೊಟ್ಟರೆ, ಇಎಸ್‌ಪಿಯ ಆರ್‌ಎಕ್ಸ್ (ಅಂಕಿ ಪಡೆಯುವ) ಕಾಲಿಗೆ ಹೋಗುವ ತಂತಿಯಲ್ಲಿ ಎರಡು ರೆಸಿಸ್ಟರ್ ಹಾಕಿ 3.3ಕ್ಕೆ ಇಳಿಸಿ.

ಒಂದು ಎಚ್ಚರಿಕೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಡಿಒಎಲ್ ಸ್ಟಾರ್ಟರಿನ ಕಾಯಿಲ್ ಸಾಮಾನ್ಯವಾಗಿ 415 ವೋಲ್ಟಿನದು. ಅಂಗಡಿಯಲ್ಲಿ ಸಿಗುವ ಸಣ್ಣ ನೀಲಿ ರಿಲೇ 250 ವೋಲ್ಟಿಗೆ ಮಾತ್ರ. ನೇರ ಕೂಡಿಸಿದರೆ ಇಂದಲ್ಲ ನಾಳೆ ಅದರ ಕಾಂಟ್ಯಾಕ್ಟು ಬೆಸೆದುಕೊಂಡು ಕೂರುತ್ತದೆ, ನಿಲ್ಲಿಸು ಅಂದರೂ ಪಂಪು ನಿಲ್ಲುವುದಿಲ್ಲ. ನೀಲಿ ರಿಲೇಯಿಂದ 230 ವೋಲ್ಟ್ ಕಾಯಿಲಿನ ಆಕ್ಸಿಲರಿ ಕಾಂಟ್ಯಾಕ್ಟರ್ ಎಳೆಸಿ, ಅದರ ಎನ್‌ಸಿ ಕಾಂಟ್ಯಾಕ್ಟನ್ನು (ಕಾಯಿಲಿಗೆ ಕರೆಂಟ್ ಇಲ್ಲದಾಗ ಮುಚ್ಚಿರುವುದು) ಸ್ಟಾರ್ಟರ್ ಕಾಯಿಲಿಗೂ ಆಟೋ ಸ್ಟಾರ್ಟರಿಗೂ ಹೋಗುವ ಕಂಟ್ರೋಲ್ ತಂತಿಯಲ್ಲಿ ಸೀರೀಸಾಗಿ ಹಾಕಿ. ಅದು ತೆರೆದರೆ ಆಟೋ ಸ್ಟಾರ್ಟರಿಗೆ ಕರೆಂಟ್ ಕಡಿದಂತೆ, ಮುಚ್ಚಿದರೆ ಮತ್ತೆ ಬಂದಂತೆ. ಮತ್ತೆ ಚಾಲೂ ಮಾಡುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ. ನಮ್ಮ ಡಬ್ಬಿ ಕೆಟ್ಟರೆ ಪಂಪು ಹಳೆಯ ಪ್ರಿವೆಂಟರಿನ ಕಾವಲಿನಲ್ಲಿ ಮೊದಲಿನಂತೆಯೇ ಓಡುತ್ತದೆ.

ಪ್ರೋಗ್ರಾಮಿನ ಲಾಜಿಕ್ ಹೆಚ್ಚೇನಿಲ್ಲ. ಶುರುವಾದ ಮೊದಲ 30 ಸೆಕೆಂಡು ಏನನ್ನೂ ತೀರ್ಮಾನಿಸಬಾರದು, ಕಾಲಮ್ ಪೈಪು (ಪಂಪಿನಿಂದ ಮೇಲೆ ಬರುವ ಪೈಪು) ತುಂಬುವ ಹೊತ್ತು ಅದು. ಆಮೇಲಿನ ಎರಡು ನಿಮಿಷದ ಸರಾಸರಿ ಕಿಲೋವ್ಯಾಟನ್ನು ಆ ಓಟದ ಅಳತೆಗೋಲಾಗಿ ಇಟ್ಟುಕೊಳ್ಳಿ. ಅದರ 75 ಶೇಕಡಾಕ್ಕಿಂತ ಕೆಳಗೆ ಐದು ಸೆಕೆಂಡು ನಿಂತರೆ ಪಂಪು ನಿಲ್ಲಲಿ. ಗಾಳಿ ನುಂಗಲು ಶುರುವಾದಾಗ ಅಂಕಿ ಬೀಳುವುದಕ್ಕಿಂತ ಮೊದಲು ಕುಣಿಯುತ್ತದೆ. ಹತ್ತು ಸೆಕೆಂಡಿನೊಳಗಿನ ಏರಿಳಿತವನ್ನೂ ನೋಡಿದರೆ ಇನ್ನೂ ಬೇಗ ಹಿಡಿಯಬಹುದು.

ಎಣ್ಣೆಬಾವಿ ಇನ್‌ಸ್ಟ್ರುಮೆಂಟ್, ನಾಪೋಕ್ಲು

ನಿಮ್ಮ ಬೋರಿನ ಕಷ್ಟವೇ ಸಣ್ಣ ಕಚ್ಚಾ ಎಣ್ಣೆ ಬಾವಿಗಳದ್ದೂ. ಅಮೆರಿಕದಲ್ಲಿ ದಿನಕ್ಕೆ 15 ಬ್ಯಾರಲ್ ಅಥವಾ ಅದಕ್ಕಿಂತ ಕಡಿಮೆ ಕೊಡುವ ಬಾವಿಯನ್ನು ಸ್ಟ್ರಿಪ್ಪರ್ ವೆಲ್ ಎನ್ನುತ್ತಾರೆ. ಒಂದು ಬ್ಯಾರಲ್ಲಿಗೆ 159 ಲೀಟರ್, ಅಂದರೆ ದಿನಕ್ಕೆ ಸುಮಾರು 2,400 ಲೀಟರಿನೊಳಗೆ. ಅಷ್ಟು ಕಡಿಮೆ ಆದಾಯದ ಬಾವಿಗೆ ದುಬಾರಿ ಉಪಕರಣ ಹಾಕಲಾಗುವುದಿಲ್ಲ. ಅಲ್ಲಿ ಮೇಲೆ ತಲೆ ಆಡಿಸುವ ಯಂತ್ರ, ಕೆಳಗೆ ರಾಡಿನ ತುದಿಯಲ್ಲಿ ಪ್ಲಂಜರ್ ಪಂಪು. ಬಾವಿ ಕೊಡುವುದಕ್ಕಿಂತ ವೇಗವಾಗಿ ಎಳೆದರೆ ಪಂಪಿನ ಕೊಳವೆ ಅರ್ಧವೇ ತುಂಬುತ್ತದೆ, ಕೆಳಗಿಳಿಯುವ ಪ್ಲಂಜರ್ ನಡುದಾರಿಯಲ್ಲಿ ದ್ರವಕ್ಕೆ ಬಡಿಯುತ್ತದೆ. ಆ ಪೆಟ್ಟು ರಾಡಿಗೂ ಟ್ಯೂಬಿಂಗಿಗೂ ಗೇರ್‌ಬಾಕ್ಸಿಗೂ ತಗಲುತ್ತದೆ. ಇದನ್ನು ಸರಿಯಾಗಿ ಹಿಡಿಯುವುದು ಪಾಲಿಶ್ಡ್ ರಾಡಿನ (ಬಾವಿಯ ಬಾಯಲ್ಲಿ ಕಾಣುವ ಮೇಲಿನ ರಾಡು) ಮೇಲೆ ಭಾರ ಅಳೆಯುವ ಲೋಡ್ ಸೆಲ್ ಇಟ್ಟು, ರಾಡಿನ ಸ್ಥಾನದ ಜೊತೆ ಸೇರಿಸಿ ತೆಗೆಯುವ ಡೈನಮೋಮೀಟರ್ ಕಾರ್ಡು ಎಂಬ ನಕ್ಷೆ. ಅದಕ್ಕೆ ಹಣವಿಲ್ಲದ ಕಡೆ ಮೋಟರಿನ ಪವರ್ ನೋಡುತ್ತಾರೆ, ಇಲ್ಲವೇ 15 ನಿಮಿಷದ ಟೈಮರ್ ಹಾಕಿ ಅದರಲ್ಲಿ ಎಷ್ಟು ಪಾಲು ಓಡಬೇಕು ಎಂದು ಕೂಡಿಸುತ್ತಾರೆ. ಎಣ್ಣೆ ಹೋಗುವ ಪೈಪಿಗೆ ತಾಪ ಅಳೆಯುವ ಒಂದು ಥರ್ಮಿಸ್ಟರ್ ಕಟ್ಟುವುದೂ ಉಂಟು: ಕೆಳಗಿಂದ ಬರುವ ದ್ರವ ಬೆಚ್ಚಗಿರುತ್ತದೆ, ಪೈಪು ಹೊರಗಿನ ಗಾಳಿಯಷ್ಟೇ ತಣ್ಣಗಾದರೆ ಬಾವಿ ಕೊಡುತ್ತಿಲ್ಲವೆಂದು ಅರ್ಥ.

ನಿಮ್ಮದು ಸೆಂಟ್ರಿಫ್ಯೂಗಲ್ ಪಂಪು, ಆ ಬಡಿತ ಇಲ್ಲಿಲ್ಲ. ಇಲ್ಲಿ ಹಾಳಾಗುವುದು ನೀರಿನಿಂದಲೇ ಜಾರುವ ಬುಷ್ಷು, ನೀರಿನಿಂದಲೇ ತಣಿಯುವ ವೈಂಡಿಂಗ್. ಆದರೆ ಥರ್ಮಿಸ್ಟರ್ ಉಪಾಯ ನಿಮಗೂ ಆಗುತ್ತದೆ. ನೆಲದಡಿಯ ನೀರಿನ ತಾಪ ದಿನವಿಡೀ ಒಂದೇ ಇರುತ್ತದೆ, ಹೊರಗಿನ ಪೈಪು ಹಗಲು ಕಾಯುತ್ತದೆ, ರಾತ್ರಿ ತಣಿಯುತ್ತದೆ. ಡಿಎಸ್18ಬಿ20 ಎಂಬ ತಾಪದ ಸೆನ್ಸರನ್ನು ಡೆಲಿವರಿಯ ಜಿಐ ಬೆಂಡಿಗೆ ಒತ್ತಿ ಕಟ್ಟಿ, ಮೇಲೆ ಫೋಮ್ ಸುತ್ತಿ. ಪಂಪು ಓಡುವಾಗ ತಾಪ ಆ ಒಂದು ಅಂಕಿಗೆ ಬಂದು ನಿಂತರೆ ನೀರು ಹರಿಯುತ್ತಿದೆ. ಕೊಡಗಿನ ಬಹಳ ಬೋರುಗಳಲ್ಲಿ ಕಬ್ಬಿಣದ ಅಂಶ ಇರುವುದರಿಂದ ರೆಕ್ಕೆ ತಿರುಗುವ ಫ್ಲೋ ಮೀಟರ್ ಕೆಂಪು ಲೋಳೆ ಕಟ್ಟಿ ನಿಂತುಬಿಡುತ್ತದೆ. ಈ ಸೆನ್ಸರಿಗೆ ನೀರೇ ತಗಲುವುದಿಲ್ಲ.

ಈಗ ನಿಮ್ಮ ಬೋರಿನ ಲೆಕ್ಕಕ್ಕೆ ಬರೋಣ, ಇದು ಡಬ್ಬಿಗಿಂತ ಮುಖ್ಯ. 90 ಡಿಗ್ರಿ ವಿ-ನಾಚ್‌ನಲ್ಲಿ ಒಂದೂವರೆ ಇಂಚು ಅಂದರೆ ಗಂಟೆಗೆ ಸುಮಾರು 1,400 ಲೀಟರ್. (ಒಂದು ಇಂಚಿಗೆ 510, ಎರಡು ಇಂಚಿಗೆ 2,900 ಹತ್ತಿರ. ಇಂಚು ಎರಡು ಪಟ್ಟಾದರೆ ನೀರು ಐದೂವರೆ ಪಟ್ಟು ದಾಟುತ್ತದೆ ಎಂಬುದನ್ನು ಬೋರ್ ಕೊರೆಸುವ ಪ್ರತಿಯೊಬ್ಬರೂ ತಿಳಿದಿರಬೇಕು.) 140 ಮೀಟರ್ ಕೆಳಗಿಂದ 5 ಎಚ್‌ಪಿ ಪಂಪು ಗಂಟೆಗೆ 5,000 ಲೀಟರ್ ಆಸುಪಾಸು ಎತ್ತುತ್ತದೆ. ಆರೂವರೆ ಇಂಚಿನ ಬೋರಿನಲ್ಲಿ ಅಡಿಗೆ ಆರೂವರೆ ಲೀಟರ್ ನೀರು ನಿಲ್ಲುತ್ತದೆ. 160ರಿಂದ 460 ಅಡಿವರೆಗೆ 1,950 ಲೀಟರ್. ಎಳೆಯುವುದು 5,000, ಬರುವುದು 1,400. ಕೂಡಿಟ್ಟ ನೀರು ಗಂಟೆಗೆ 3,600ರಂತೆ ಇಳಿದರೆ ಅರ್ಧ ಗಂಟೆಗೆ ಖಾಲಿ. ನೀವು ಕಂಡದ್ದು ಅದನ್ನೇ.

ಬೋರು ಪೂರ್ತಿ ತುಂಬಲಿ ಎಂದು ಕಾಯುವುದರಿಂದ ನಷ್ಟವೇ ಹೆಚ್ಚು. ನೀರಿನ ಮಟ್ಟ ಕೆಳಗಿದ್ದಷ್ಟೂ ಬಂಡೆಯ ಬಿರುಕಿನಿಂದ ನೀರು ಜೋರಾಗಿ ಬರುತ್ತದೆ, ಮಟ್ಟ ಏರಿದಂತೆ ನಿಧಾನವಾಗುತ್ತದೆ. ಮೊದಲ ಅರ್ಧ ತುಂಬಲು ಬೇಕಾದ ಹೊತ್ತಿಗಿಂತ, ಅಲ್ಲಿಂದ ಶೇಕಡಾ 90ಕ್ಕೆ ಏರಲು ಎರಡು ಪಟ್ಟಿಗೂ ಹೆಚ್ಚು ಹೊತ್ತು ಬೇಕು. ಎಣ್ಣೆ ಬಾವಿಯಲ್ಲೂ ಮಟ್ಟವನ್ನು ಪಂಪಿಗಿಂತ ಸ್ವಲ್ಪವೇ ಮೇಲೆ ಆಡಿಸುವುದು ಇದೇ ಕಾರಣಕ್ಕೆ. ನಿಮಗೆ 30 ನಿಮಿಷ ವಿರಾಮ, 11-12 ನಿಮಿಷ ಓಟ ಸರಿಹೋಗುತ್ತದೆ. ಪ್ರೋಗ್ರಾಮೇ ಇದನ್ನು ಸರಿಪಡಿಸಿಕೊಳ್ಳಲಿ: ಹತ್ತು ನಿಮಿಷದೊಳಗೆ ಒಣಗಿದರೆ ಮುಂದಿನ ವಿರಾಮಕ್ಕೆ ಐದು ನಿಮಿಷ ಸೇರಿಸಿ, ಇಪ್ಪತ್ತು ದಾಟಿ ಓಡಿದರೆ ಐದು ಕಳೆಯಿರಿ, 15ಕ್ಕಿಂತ ಕೆಳಗೆ ಹೋಗಬೇಡಿ. ವಿರಾಮದ ಅಂಕಿ ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ ಬೋರು ಸೊರಗುತ್ತಿದೆ ಎಂದು ಬೇರೆ ಅಳತೆಯಿಲ್ಲದೆಯೇ ತಿಳಿಯುತ್ತದೆ.

ಹತ್ತು ಎಕರೆಗೆ ಒಂದು ಇಂಚು ನೀರು ಅಂದರೆ ಹತ್ತು ಲಕ್ಷ ಲೀಟರ್ ದಾಟುತ್ತದೆ. ಗಂಟೆಗೆ 1,400ರಂತೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಸಿಕ್ಕರೆ 9,800 ಲೀಟರ್. ಈ ಬೋರೊಂದೇ ಆದರೆ ನೂರು ದಿನಕ್ಕೂ ಮೇಲೆ, ಕೆರೆಯಲ್ಲಿ ಇಂಗುವುದು ಆರುವುದು ಬೇರೆ. ನವೆಂಬರಿನಲ್ಲೇ ಶುರು ಮಾಡಿ.

ಮೋಟರ್ ರಿವೈಂಡಿಂಗ್, ಕುಶಾಲನಗರ

ಮೇಲಿನ ಲೆಕ್ಕಕ್ಕೆ ಒಂದು ತಿದ್ದುಪಡಿ. ಮಟ್ಟ ಇಳಿದಷ್ಟೂ ಒಳಹರಿವು ಹೆಚ್ಚುವುದು ಬಿರುಕು ಸಿಕ್ಕಿದ ಆಳದವರೆಗೆ ಮಾತ್ರ. ನೀರು 300 ಅಡಿಯಲ್ಲಿ ಸಿಕ್ಕಿದ್ದರೆ ಅದರ ಕೆಳಗೆ ಎಷ್ಟು ಇಳಿಸಿದರೂ ಬರುವ ನೀರು ಅಷ್ಟೇ. ಇಳಿಸಿದ್ದರಿಂದ ಎರಡು ಕೆಡುಕು ಮಾತ್ರ ಆಗುತ್ತದೆ: ನೀರು ಗಾಳಿಯಲ್ಲಿ ಸುರಿದು ಕಬ್ಬಿಣ ಕೆಂಪು ಮಡ್ಡಿಯಾಗಿ ಪಂಪಿನ ಸ್ಟೇಜುಗಳಲ್ಲಿ (ನೀರೆತ್ತುವ ಚಕ್ರಗಳ ಸಾಲು) ಕೂರುತ್ತದೆ, ಮತ್ತು ಮೋಟರ್ ತಣಿಯುವುದಿಲ್ಲ. ಎರಡನೆಯದನ್ನು ವಿವರಿಸುತ್ತೇನೆ. ಸಬ್‌ಮರ್ಸಿಬಲ್ಲಿನಲ್ಲಿ ಮೋಟರ್ ಕೆಳಗೆ, ನೀರೆಳೆಯುವ ಜಾಲರಿ ಅದರ ಮೇಲೆ. ನೀರು ಮೇಲಿನ ಬಿರುಕಿನಿಂದ ಇಳಿದು ನೇರ ಜಾಲರಿಗೆ ಹೋದರೆ ಮೋಟರ್ ಮೈಮೇಲೆ ನೀರು ಹರಿಯುವುದೇ ಇಲ್ಲ, ಅದು ನಿಂತ ನೀರಿನಲ್ಲಿ ಕಾಯುತ್ತಾ ಇರುತ್ತದೆ. ಮುಳುಗಿದೆಯಲ್ಲ ಅಂದರೆ ಸಾಲದು. ನಾಲ್ಕಿಂಚಿನ ವಿ4 ಪಂಪಾದರೆ ಜಾಲರಿಯ ಮೇಲಿನಿಂದ ಮೋಟರ್ ಬುಡದವರೆಗೆ ಪಿವಿಸಿ ಪೈಪಿನ ತೋಳು ತೊಡಿಸಿ, ಮೇಲೆ ಮುಚ್ಚಿ, ಕೆಳಗೆ ತೆರೆದಿಡಿ. ನೀರು ಬುಡದಿಂದ ಹೊಕ್ಕು ಮೋಟರನ್ನು ಸವರಿಕೊಂಡೇ ಜಾಲರಿಗೆ ಬರುತ್ತದೆ. ವಿ6 ಮೋಟರಿಗೆ ಆರೂವರೆ ಇಂಚಿನ ಬೋರಿನಲ್ಲಿ ಇದಕ್ಕೆ ಜಾಗವಿಲ್ಲ. ಕೊರೆದವರ ಹತ್ತಿರ ಯಾವ ಅಡಿಯಲ್ಲಿ ನೀರು ಸಿಕ್ಕಿತು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ.

ಪಂಪು ಮೇಲೆ ತೆಗೆದಾಗ ಏರ್ ಲೈನ್ (ಗಾಳಿ ತುಂಬಿ ಮಟ್ಟ ತಿಳಿಯುವ ಟ್ಯೂಬು) ಕಟ್ಟಿಬಿಡಿ. ಮಟ್ಟ ಅಳೆಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. 6 ಅಥವಾ 8 ಮಿಲಿಮೀಟರಿನ ನೈಲಾನ್ ಟ್ಯೂಬನ್ನು ಕಾಲಮ್ ಪೈಪಿನ ಜೊತೆ ಕೇಬಲ್ ಕಟ್ಟುವ ಹಾಗೆಯೇ ಕಟ್ಟುತ್ತಾ ಇಳಿಸಿ. ಕೆಳತುದಿ ತೆರೆದಿರಲಿ, ಎಲ್ಲೂ ಮಡಚಬಾರದು, ತುದಿಯ ಆಳ ಅಡಿ ಲೆಕ್ಕದಲ್ಲಿ ಗೊತ್ತಿರಲಿ. ಮೇಲೆ ಟೀ ಹಾಕಿ ಒಂದು ಕಡೆ ಪ್ರೆಶರ್ ಗೇಜು, ಇನ್ನೊಂದು ಕಡೆ ಸೈಕಲ್ ವಾಲ್ವು. ಮುಳ್ಳು ಏರುವುದು ನಿಲ್ಲುವ ತನಕ ಗಾಳಿ ಹೊಡೆಯಿರಿ. ಆಗ ಟ್ಯೂಬಿನೊಳಗಿನ ನೀರೆಲ್ಲ ಹೊರಹೋಗಿರುತ್ತದೆ. ಪಿಎಸ್‌ಐ ಅಂಕಿಯನ್ನು 2.31ರಿಂದ ಗುಣಿಸಿದರೆ ತುದಿಯ ಮೇಲೆ ಎಷ್ಟು ಅಡಿ ನೀರಿದೆ ಎಂದು ಸಿಗುತ್ತದೆ. ತುದಿ 440 ಅಡಿಯಲ್ಲಿ, ಗೇಜು 65 ತೋರಿಸಿದರೆ 150 ಅಡಿ ನೀರು, ಮಟ್ಟ 290ರಲ್ಲಿ. ಗೇಜು ನಿಧಾನಕ್ಕೆ ಇಳಿಯುತ್ತಿದ್ದರೆ ಟೀ ಹತ್ತಿರ ಸೋರುತ್ತಿದೆ, ಸೋಪಿನ ನೀರು ಹಚ್ಚಿ ನೋಡಿ.

ನಿಲ್ಲಿಸಿದ ಕೂಡಲೇ ಮತ್ತೆ ಚಾಲೂ ಆಗಲು ಬಿಡಬೇಡಿ. ಎನ್‌ಆರ್‌ವಿ (ನೀರು ಹಿಂದಿರುಗದಂತೆ ತಡೆಯುವ ವಾಲ್ವು) ಸೋರುತ್ತಿದ್ದರೆ ಪೈಪಿನ ನೀರು ಕೆಳಗೆ ಬೀಳುತ್ತಾ ಪಂಪನ್ನು ಹಿಂದುಮುಂದಾಗಿ ತಿರುಗಿಸುತ್ತದೆ. ಆ ಹೊತ್ತಿನಲ್ಲಿ ಕರೆಂಟ್ ಸಿಕ್ಕರೆ ಶಾಫ್ಟ್ ಇಲ್ಲವೇ ಕಪ್ಲಿಂಗ್ ತುಂಡಾಗುತ್ತದೆ. ಕರೆಂಟ್ ಹೋಗಿ ಬಂದಾಗಲೂ ಕನಿಷ್ಠ ಐದು ನಿಮಿಷ ಆಟೋ ಸ್ಟಾರ್ಟರ್ ಕಾಯಲಿ. ಮೂರು ಬೋರಿಗೂ ಬೇರೆ ಬೇರೆ ಹೊತ್ತು ಇಡಿ, ಮೂರೂ ಒಟ್ಟಿಗೆ ಎಳೆದರೆ ವೋಲ್ಟೇಜ್ ಕುಸಿದು ಯಾವುದೂ ಸರಿಯಾಗಿ ಎದ್ದೇಳುವುದಿಲ್ಲ.

ತೋಟದ ರೈಟರ್, ಸುಂಟಿಕೊಪ್ಪ

ತುಂಬಾ ಉಪಕಾರವಾಯಿತು. ಮೂರು ಸಂದೇಹ. ನಮ್ಮ ಒಂದು ಪಂಪ್‌ಹೌಸಿನಲ್ಲಿ ಮೂರು ಫೇಸಿನ ತಂತಿ ಮಾತ್ರ ಇದೆ, ನ್ಯೂಟ್ರಲ್ ಇಲ್ಲ. ಅರ್ತನ್ನೇ ನ್ಯೂಟ್ರಲ್ ಮಾಡಿಕೊಳ್ಳಿ ಎಂದು ಒಬ್ಬರು ಹೇಳಿದರು. ಎರಡನೆಯದು, ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಹಾಕಿ ಪಂಪನ್ನು ನಿಧಾನಕ್ಕೆ ಓಡಿಸಿದರೆ ನಿಲ್ಲಿಸಿ ಓಡಿಸುವ ಗೋಜೇ ಇಲ್ಲವಂತೆ, ಹೌದೇ? ಮೂರನೆಯದು, ಸಿಗ್ನಲ್ ಇಲ್ಲದ ಕಡೆಯಿಂದ ಸುದ್ದಿ ಬಂಗಲೆಗೆ ಹೇಗೆ ತರುವುದು?

ಪ್ಯಾನಲ್ ವೈರಿಂಗ್, ಗೋಣಿಕೊಪ್ಪ

ಅರ್ತಿಗೆ ಕೂಡಿಸಲೇಬೇಡಿ ಅಣ್ಣ. ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಪ್ಯಾನಲ್ ಡಬ್ಬಿಯ ಮೈಗೇ ಕರೆಂಟ್ ಬರುತ್ತದೆ, ಮುಟ್ಟಿದವರ ಜೀವ ಹೋಗುತ್ತದೆ. ಎರಡು ಫೇಸಿನ ನಡುವಿನ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರಿನಿಂದ ಇಳಿಸಿ ಪಿಝೆಮ್‌ಗೆ ಕೊಟ್ಟರೆ ಅದು ಓಡುತ್ತದೆ, ಆದರೆ ವೋಲ್ಟೇಜಿಗೂ ಕರೆಂಟಿಗೂ 30 ಡಿಗ್ರಿ ಹೆಚ್ಚುವರಿ ವ್ಯತ್ಯಾಸ ಸೇರಿ ಕಿಲೋವ್ಯಾಟ್ ಅಂಕಿ ಸುಳ್ಳಾಗುತ್ತದೆ. ಆ ಒಂದು ಬೋರಿಗೆ ಮೂರು ತಂತಿಯಲ್ಲೇ ಅಳೆಯಬಲ್ಲ, ಅಂಕಿಗಳನ್ನು ತಂತಿಯಲ್ಲಿ ಕಳಿಸುವ ಆರ್‌ಎಸ್485 ಇರುವ ತ್ರೀ ಫೇಸ್ ಎನರ್ಜಿ ಮೀಟರ್ ಹಾಕಿ. ಇಎಸ್‌ಪಿಗೂ ಆಕ್ಸಿಲರಿ ಕಾಯಿಲಿಗೂ ಬೇಕಾದ 230 ವೋಲ್ಟನ್ನು 415ರಿಂದ 230ಕ್ಕೆ ಇಳಿಸುವ ಕಂಟ್ರೋಲ್ ಟ್ರಾನ್ಸ್‌ಫಾರ್ಮರಿನಿಂದ ತೆಗೆದುಕೊಳ್ಳಿ. ಖರ್ಚು ಸ್ವಲ್ಪ ಏರುತ್ತದೆ, ಬೇರೆ ದಾರಿ ಇಲ್ಲ.

ವಿಎಫ್‌ಡಿ ನಿಮ್ಮ ಆಳಕ್ಕೆ ಬೇಡ. ಪಂಪು ಎತ್ತಬಲ್ಲ ಎತ್ತರ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 50 ಹರ್ಟ್ಸಿನಿಂದ 40ಕ್ಕೆ ತಂದರೆ ಎತ್ತರ 64 ಶೇಕಡಾಕ್ಕೆ ಬರುತ್ತದೆ. 460 ಅಡಿಯಿಂದ ಎತ್ತುವ ಪಂಪಿನಲ್ಲಿ ಮಟ್ಟ ಕೆಳಗಿಳಿದಾಗ ನೀರು ಪೈಪಿನ ನಡುದಾರಿಯಲ್ಲೇ ನಿಂತು, ಒಳಗೇ ಕಲಕಿ ಬಿಸಿಯಾಗುತ್ತದೆ. ಗಂಟೆಗೆ 1,400 ಕೊಡುವ ಬೋರಿಗೆ ಮುಂದಿನ ಸಲ ಮೋಟರ್ ಬದಲಿಸುವಾಗ 5 ಎಚ್‌ಪಿ ಬಿಟ್ಟು, ಆ ಆಳದಿಂದ ಗಂಟೆಗೆ 1,500-2,000 ಲೀಟರ್ ಎತ್ತುವ ಸಣ್ಣ ವಿ4 ಪಂಪು ಇಳಿಸಿ. ಪಂಪಿನ ಕರ್ವ್ ಚಾರ್ಟ್ (ಎಷ್ಟು ಎತ್ತರಕ್ಕೆ ಎಷ್ಟು ನೀರು ಎಂಬ ನಕ್ಷೆ) ಕೇಳಿಯೇ ತೆಗೆದುಕೊಳ್ಳಿ. ಈಗಿರುವ ಪಂಪಿನ ಗೇಟ್ ವಾಲ್ವನ್ನು ಸ್ವಲ್ಪ ಮುಚ್ಚಿ ಓಟದ ಹೊತ್ತು ಹೆಚ್ಚಿಸಬಹುದು, ಆದರೆ ಅರ್ಧಕ್ಕಿಂತ ಹೆಚ್ಚು ನೀರು ತಡೆಯಬೇಡಿ.

ಸುದ್ದಿಗೆ ಲೋರಾ, ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಅಂಕಿ ಕಳಿಸುವ ರೇಡಿಯೋ. ನಮ್ಮಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್ 865ರಿಂದ 868 ಮೆಗಾಹರ್ಟ್ಸ್. 433ರ ಮಾಡ್ಯೂಲ್ ತರಬೇಡಿ. ಬಯಲಿನ ದೂರದ ಅಂಕಿಗಳನ್ನು ನಂಬಬೇಡಿ, ನೆರಳು ಮರ ದಟ್ಟವಾಗಿರುವ ಇಳಿಜಾರಿನಲ್ಲಿ ಅದು ಬಹಳ ಕಡಿಮೆಯಾಗುತ್ತದೆ, ಮಳೆಗಾಲದ ಒದ್ದೆ ಎಲೆಯಲ್ಲಿ ಇನ್ನೂ ಕಡಿಮೆ. ಬಂಗಲೆ ಕಡೆಯ ಆಂಟೆನಾ ಎತ್ತರದಲ್ಲಿರಲಿ, ನಡುವೆ ದಿಣ್ಣೆ ಅಡ್ಡ ಬಂದರೆ ಅದರ ತಲೆಯ ಮೇಲೆ ಸೋಲಾರಿನಲ್ಲಿ ಓಡುವ ಒಂದು ರಿಪೀಟರ್ ಇಡಿ. ಹತ್ತು ನಿಮಿಷಕ್ಕೊಮ್ಮೆ ಕಿಲೋವ್ಯಾಟ್, ವೋಲ್ಟೇಜ್, ಪೈಪಿನ ತಾಪ, ಓಟದ ನಿಮಿಷ, ವಿರಾಮದ ನಿಮಿಷ ಕಳಿಸಿದರೆ ಸಾಕು. ನಿಲ್ಲಿಸುವ ತೀರ್ಮಾನ ಪಂಪ್‌ಹೌಸಿನಲ್ಲೇ ಆಗಲಿ, ರೇಡಿಯೋ ಮೇಲೆ ಅವಲಂಬಿಸಬಾರದು. ಬಂಗಲೆಯಲ್ಲಿ ಸಿಗ್ನಲ್ ಇದ್ದರೆ ಅಲ್ಲಿಂದ ಫೋನಿಗೆ ಕಳಿಸಿ.

ಬಂದ ಅಂಕಿಗಳಲ್ಲಿ ವಾರಕ್ಕೊಮ್ಮೆ ಒಂದನ್ನು ನೋಡಿ: ಸಾವಿರ ಲೀಟರಿಗೆ ಎಷ್ಟು ಯೂನಿಟ್. 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಎಂದು ನೋಡಿದರೆ ಹರಿವು ಸಿಗುತ್ತದೆ. ಮಟ್ಟ ಕೆಳಗಿಳಿದಿರುವಾಗ, ಓಟದ ಕೊನೆಯ ಭಾಗದಲ್ಲಿ ಅಳೆಯಿರಿ. 140 ಮೀಟರಿಗೆ ಸಾವಿರ ಲೀಟರಿಗೆ ಒಂದು ಯೂನಿಟ್ ಹತ್ತಿರವಿದ್ದರೆ ಪಂಪು ಚೆನ್ನಾಗಿದೆ, ಒಂದೂವರೆಗೆ ಬಂದರೆ ಸ್ಟೇಜ್ ಸವೆದಿದೆ ಅಥವಾ ಕೆಂಪು ಮಡ್ಡಿ ಕಟ್ಟಿದೆ. ಕಿಲೋವ್ಯಾಟ್ ಬೀಳದೆ ನೀರು ಮಾತ್ರ ಇಳಿದರೆ ಬೋರಿನ ಬಾಯಿಗೆ ಕಿವಿಗೊಟ್ಟು ಕೇಳಿ. ಒಳಗೆ ನೀರು ಸುರಿಯುವ ಸದ್ದು ಬಂದರೆ ಕಾಲಮ್ ಪೈಪು ತೂತಾಗಿದೆ. ಲೈನ್ ಕೆಲಸ ಆದ ಮರುದಿನ ನೀರೂ ಕಿಲೋವ್ಯಾಟೂ ಎರಡೂ ಒಮ್ಮೆಗೇ ಕುಸಿದಿದ್ದರೆ ಫೇಸ್ ಅದಲುಬದಲಾಗಿ ಪಂಪು ಉಲ್ಟಾ ತಿರುಗುತ್ತಿರಬಹುದು, ಯಾವುದಾದರೂ ಎರಡು ಫೇಸ್ ಬದಲಿಸಿ ನೋಡಿ.

ಡಬ್ಬಿಯ ತಂತಿಗಳೆಲ್ಲ ಕೆಳಗಿನಿಂದಲೇ ಗ್ಲ್ಯಾಂಡ್ ಹಾಕಿ ಒಳಬರಲಿ, ಇರುವೆಗೂ ಹಲ್ಲಿಗೂ ಸಂದು ಬಿಡಬೇಡಿ. ಕಾಂಟ್ಯಾಕ್ಟರ್ ನಡುವೆ ಹಲ್ಲಿ ಸಿಕ್ಕಿ ಒಂದು ಫೇಸ್ ಕೂಡದೆ ಸುಡುವ ಮೋಟರುಗಳು ಬಹಳ. ಒಳಗೆ ಸಿಲಿಕಾ ಜೆಲ್ ಇಟ್ಟು ಜೂನಿಗೆ ಮೊದಲು ಬದಲಿಸಿ. ಏಪ್ರಿಲ್-ಮೇ ಗುಡುಗಿಗೆ ಒಳಬರುವ ಮೂರೂ ಫೇಸಿಗೆ ಸರ್ಜ್ ಅರೆಸ್ಟರ್, ಅದಕ್ಕೆ ದಪ್ಪ ತಂತಿಯ ನೇರ ಅರ್ತ್ ಬೇಕು. ಹೂವಿನ ನೀರು, ಬ್ಯಾಕಿಂಗ್ (ಹೂವಿನ ನಂತರ ಕೊಡುವ ನೀರು) ಎರಡೂ ಮುಗಿದು ಪಂಪಿನ ಅಗತ್ಯ ಇಲ್ಲದ ದಿನಗಳಲ್ಲಿ ಮೇನ್ ಫ್ಯೂಸೂ ಆಂಟೆನಾ ತಂತಿಯೂ ತೆಗೆದಿಡಿ.